ಪರದೇಶದ ಕೆಲಸ: ಕಾಗದ ಮೊದಲು, ವಿಮಾನ ಆಮೇಲೆ

(ವಿದೇಶದಲ್ಲಿ ದುಡಿಯುವವರ ಕುಟುಂಬಗಳು ಹಾಗೂ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ನಮಗೆ ಕೊಟ್ಟ ವಿಷಯ, ಹೊರದೇಶದಲ್ಲಿ ಜನರನ್ನು ಹೇಗೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ, ಸಂಬಳ ಹೇಗೆ ಕೊಡುತ್ತಾರೆ ಎಂಬುದು. ಈ ಸಭೆಯಲ್ಲಿ ಗಲ್ಫ್‌ಗೆ ಹೋದ ಒಬ್ಬರಾದರೂ ಇಲ್ಲದ ಮನೆಯವರು ಕೈ ಎತ್ತಿ ಅಂದರೆ ಬಹಳ ಕೈಗಳು ಏಳಲಾರವು. ಹಾಗಾದರೆ ಇದು ಗೊತ್ತಿರುವ ವಿಷಯವೇ ಅಲ್ವಾ ಅಂತ ನಿಮಗೆ ಅನಿಸಬಹುದು. ನಮಗೂ ಹಾಗೇ ಅನಿಸಿತ್ತು. ಅದು ತಪ್ಪು ಅಂತ ತಿಳಿದದ್ದು ನಮ್ಮದೇ ಒಂದು ಸಂಘದಿಂದ. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಸಂಘವೊಂದರ ಸದಸ್ಯೆ ಮಗನನ್ನು ದುಬೈಗೆ ಕಳುಹಿಸಲು 80,000 ರೂಪಾಯಿ ಸಾಲ ಕೇಳಿದರು. ಹುಡುಗ ಐಟಿಐ ಮುಗಿಸಿದವ, ಎಲೆಕ್ಟ್ರಿಷಿಯನ್ ಜತೆ ಎರಡು ವರ್ಷ ಕೆಲಸ ಕಲಿತವ. ಏಜೆಂಟ ಕೇಳಿದ್ದು 1,40,000. ಉಳಿದದ್ದಕ್ಕೆ ಬಂಗಾರ ಅಡವು ಇಟ್ಟರು. ಸಂಘದ ಪುಸ್ತಕದಲ್ಲಿ 'ಮಗನ ಉದ್ಯೋಗಕ್ಕಾಗಿ' ಅಂತ ಬರೆದು ಸಾಲ ಕೊಟ್ಟೆವು. ಒಂದೇ ಒಂದು ಕಾಗದ ಕೇಳಲಿಲ್ಲ. ಹಸು ತೆಗೆಯಲು ಸಾಲ ಕೊಡುವಾಗ ಹಸು ನೋಡಿ ಬರುವವರು ನಾವು. ಆದರೆ ಮಗ ಹೋಗುವ ಕಂಪೆನಿಯ ಹೆಸರನ್ನೂ ಕೇಳಲಿಲ್ಲ.

ಹುಡುಗನಿಗೆ ಬಾಯಿಮಾತಿನಲ್ಲಿ ಹೇಳಿದ್ದು ತಿಂಗಳಿಗೆ 1,800 ದಿರ್ಹಮ್. ಕಳುಹಿಸಿದ್ದು ವಿಸಿಟ್ ವೀಸಾದಲ್ಲಿ. ಅಲ್ಲಿ ಇಳಿದ ಮೇಲೆ ಸಿಕ್ಕಿದ್ದು ಕ್ಲೀನಿಂಗ್ ಕೆಲಸ, ಸಂಬಳ 900. ಅದೂ ಎರಡು ತಿಂಗಳು ಬಾಕಿ. ಏಳನೆಯ ತಿಂಗಳಿಗೆ ಹುಡುಗ ವಾಪಸು ಬಂದ. ಏಜೆಂಟನ ಫೋನು ಸ್ವಿಚ್ ಆಫ್. ರಶೀದಿ ಇಲ್ಲದ್ದರಿಂದ ದೂರು ಕೊಡಲೂ ಆಗಲಿಲ್ಲ. ಸಂಘದ ಕಂತನ್ನು ಆ ತಾಯಿ ಬೀಡಿ ಕಟ್ಟಿ ಮೂರು ವರ್ಷ ತುಂಬಿದರು. ಒಂದು ಕಂತೂ ತಪ್ಪಲಿಲ್ಲ. ಪುಸ್ತಕದಲ್ಲಿ ಅದು ಒಳ್ಳೆಯ ಸಾಲ, ನೂರಕ್ಕೆ ನೂರು ವಸೂಲಿ. ಆದರೆ ಆ ಲೆಕ್ಕ ನೋಡಿದಾಗಲೆಲ್ಲ ನಮಗೆ ತಲೆ ತಗ್ಗಿಸುವಂತಾಗುತ್ತದೆ.

ಆದ್ದರಿಂದ ಇವತ್ತು ಉಪದೇಶ ಮಾಡುವುದಿಲ್ಲ. ಹೋಗಬೇಡಿ ಅಂತಲೂ ಹೇಳುವುದಿಲ್ಲ. ನಾವು ಕೇಳದೆ ಬಿಟ್ಟ ಪ್ರಶ್ನೆಗಳನ್ನು ನೀವು ಕೇಳಬೇಕು, ಅಷ್ಟೇ.

ಹಳೆಯ ನಂಟು

ನಮ್ಮ ಕರಾವಳಿಗೂ ಕೊಲ್ಲಿ ನಾಡುಗಳಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಒಂದು ಕಾಲದಲ್ಲಿ ಅಲ್ಲಿ ಚಲಾವಣೆಯಲ್ಲಿ ಇದ್ದದ್ದೇ ನಮ್ಮ ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಆ ನಾಡುಗಳಿಗೆಂದೇ ಬೇರೆ ನೋಟುಗಳನ್ನು ಹೊರಡಿಸಿತ್ತು. ಅದಕ್ಕೆ ಗಲ್ಫ್ ರೂಪಾಯಿ ಎಂದು ಹೆಸರು. 1961ರಲ್ಲಿ ಕುವೈತ್ ತನ್ನದೇ ದಿನಾರ್ ತಂದಿತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದ ಮೇಲೆ ಉಳಿದ ಹೆಚ್ಚಿನ ನಾಡುಗಳೂ ಅದನ್ನು ಬಿಟ್ಟವು. ಇವತ್ತು ದಿರ್ಹಮ್, ರಿಯಾಲ್, ದಿನಾರ್. ಹಾಗಾಗಿ ಮನೆಯಲ್ಲಿ ಮೊದಲ ಪ್ರಶ್ನೆ 'ನಮ್ಮ ರೂಪಾಯಿಗೆ ಎಷ್ಟಾಯಿತು' ಅಂತ. ಆ ಪ್ರಶ್ನೆ ಇರಲಿ. ಅದಕ್ಕಿಂತ ಮೊದಲು ಕೇಳಬೇಕಾದ್ದು, ಆ ಸಂಬಳ ಯಾವ ಕಾಗದದಲ್ಲಿ ಹೇಗೆ ಬರೆದಿದೆ ಎಂಬುದು.

ಸರಿಯಾದ ದಾರಿ ಯಾವುದು?

ಅಲ್ಲಿಯ ಮಾಲಕನಿಗೆ ಜನ ಬೇಕಾದರೆ ಮೊದಲು ತನ್ನ ದೇಶದ ಕಾರ್ಮಿಕ ಇಲಾಖೆಯಿಂದ ಅನುಮತಿ ಪಡೆಯಬೇಕು. ಆಮೇಲೆ ಇಷ್ಟು ಜನ, ಇಂಥ ಕೆಲಸ, ಇಷ್ಟು ಸಂಬಳ ಅಂತ ಬರೆದ ಬೇಡಿಕೆ ಪತ್ರವನ್ನು ನಮ್ಮ ದೇಶದ ಏಜೆನ್ಸಿಗೆ ಕಳುಹಿಸುತ್ತಾನೆ. ಡಿಮಾಂಡ್ ಲೆಟರ್ ಅನ್ನುವುದು ಇದಕ್ಕೇ. ಸಂದರ್ಶನ, ಆಫರ್ ಲೆಟರ್, ಮೆಡಿಕಲ್, ಕೆಲಸದ ವೀಸಾ, ಕೊನೆಗೆ ಟಿಕೆಟು. ಈ ಕ್ರಮ ತಿರುಗುಮುರುಗಾದರೆ, ಅಂದರೆ ಮೊದಲೇ ಹಣ, ಮೊದಲೇ ಟಿಕೆಟು, ಕಾಗದ 'ಅಲ್ಲಿ ಹೋದ ಮೇಲೆ' ಅಂದರೆ, ಅಲ್ಲಿಗೇ ನಿಲ್ಲಿಸಿ.

ನಮ್ಮಲ್ಲಿ 1983ರ ವಲಸೆ ಕಾಯ್ದೆಯ ಪ್ರಕಾರ ಹೊರದೇಶಕ್ಕೆ ಜನ ಕಳುಹಿಸುವ ಏಜೆಂಟ ಕೇಂದ್ರ ಸರಕಾರದಲ್ಲಿ ನೋಂದಣಿ ಮಾಡಿಸಿಕೊಂಡಿರಬೇಕು. ನೋಂದಾಯಿತರ ಪಟ್ಟಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಅಂಗಡಿ ಬಾಗಿಲಿಗೆ 'ಗವರ್ನಮೆಂಟ್ ಅಪ್ರೂವ್ಡ್' ಅಂತ ಬೋರ್ಡು ಯಾರೂ ಹಾಕಬಹುದು. ಪಟ್ಟಿಯಲ್ಲಿ ಹೆಸರು, ನೋಂದಣಿ ಸಂಖ್ಯೆ ಇದೆಯೇ ನೋಡಿ. 'ಮುಂಬೈಯಲ್ಲಿ ನಮ್ಮ ದೊಡ್ಡ ಆಫೀಸು ಉಂಟು, ನಾನು ಇಲ್ಲಿಯ ಜನ' ಅನ್ನುವ ಸಬ್ ಏಜೆಂಟನಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಅವ ನೆಂಟನಾಗಿರಲಿ, ನೆರೆಯವನಾಗಿರಲಿ.

ಹಣ ಯಾರು ಕೊಡಬೇಕು?

ಇದನ್ನು ದಯವಿಟ್ಟು ಬರೆದುಕೊಳ್ಳಿ. ನೋಂದಾಯಿತ ಏಜೆಂಟ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ; ಶೇಕಡಾ 18ರ ಲೆಕ್ಕದಲ್ಲಿ ಒಟ್ಟು 35,400. ಅದಕ್ಕೆ ರಶೀದಿ ಕೊಡಲೇಬೇಕು. ನಮ್ಮ ಸದಸ್ಯೆ ಕೊಟ್ಟದ್ದು 1,40,000, ಅಂದರೆ ಸುಮಾರು ನಾಲ್ಕು ಪಾಲು. ಅದನ್ನು 'ವೀಸಾದ ಹಣ' ಅಂತ ಹೇಳಿದ್ದರು.

ವೀಸಾದ ಹಣ ಕೆಲಸಗಾರನದ್ದಲ್ಲ, ಮಾಲಕನದ್ದು. ಸೌದಿಯ ಕಾರ್ಮಿಕ ಕಾನೂನಿನಲ್ಲಿ ನೇಮಕಾತಿಯ ಖರ್ಚು, ಇಕಾಮಾ ಶುಲ್ಕ, ವರ್ಕ್ ಪರ್ಮಿಟ್, ಒಪ್ಪಂದ ಮುಗಿದ ಮೇಲೆ ಊರಿಗೆ ಟಿಕೆಟು, ಇವೆಲ್ಲ ಮಾಲಕನೇ ಕೊಡಬೇಕು ಅಂತ ಸ್ಪಷ್ಟ ಇದೆ. ಯುಎಇಯಲ್ಲಿ 2022ರ ಫೆಬ್ರವರಿಯಿಂದ ಜಾರಿಗೆ ಬಂದ ಹೊಸ ಕಾನೂನು ಕೂಡ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು ಅನ್ನುತ್ತದೆ. ಅಲ್ಲಿ ಕೊಡಬೇಕಾದವ ಕೊಟ್ಟ ಹಣವನ್ನೇ ಇಲ್ಲಿ ನಮ್ಮಿಂದ ಇನ್ನೊಮ್ಮೆ ಕೀಳುತ್ತಾರೆ.

ಬಡ್ಡಿಯ ಲೆಕ್ಕವನ್ನೂ ಮಾಡೋಣ. ಒಂದೂವರೆ ಲಕ್ಷ ಕೈಸಾಲ, ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ ಅಂತ ಹಿಡಿದರೆ 4,500. ಮಗ ತಿಂಗಳಿಗೆ 15,000 ಕಳುಹಿಸಿದರೆ ಅದರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬಡ್ಡಿಗೇ ಹೋಯಿತು. ಅಸಲು ಹಾಗೇ ಕೂತಿರುತ್ತದೆ. ಸಾಲ ಇರುವ ಹುಡುಗ ಅಲ್ಲಿ ಏನಾದರೂ ಸಹಿಸಿಕೊಳ್ಳುತ್ತಾನೆ. ಸಂಬಳ ಕಡಿಮೆ ಕೊಟ್ಟರೂ, ಒಂದು ಕೋಣೆಯಲ್ಲಿ ಹನ್ನೆರಡು ಜನ ಮಲಗಿಸಿದರೂ ಬಾಯಿ ಬಿಡುವುದಿಲ್ಲ. ಮೋಸ ಮಾಡುವವರಿಗೆ ಬೇಕಾದ್ದೂ ಅದೇ.

'ಫ್ರೀ ವೀಸಾ' ಅಥವಾ 'ಆಜಾದ್ ವೀಸಾ' ಅಂತ ನಮ್ಮಲ್ಲಿ ಒಂದು ಮಾತುಂಟು. ಯಾರದೋ ಹೆಸರಿನಲ್ಲಿ ವೀಸಾ ಕೊಂಡು, ಹೋದ ಮೇಲೆ ಎಲ್ಲಿ ಬೇಕಾದರೂ ಕೆಲಸ ಹುಡುಕಿಕೊಳ್ಳುವುದು. ಕಾನೂನಿನಲ್ಲಿ ಅಂಥ ವೀಸಾ ಇಲ್ಲ. ಹೆಸರು ಫ್ರೀ, ಹಣ ಮಾತ್ರ ಲಕ್ಷಗಟ್ಟಲೆ. ಒಬ್ಬರ ವೀಸಾದಲ್ಲಿ ಇದ್ದು ಅನುಮತಿ ಇಲ್ಲದೆ ಇನ್ನೊಬ್ಬರಲ್ಲಿ ದುಡಿದರೆ ಸಿಕ್ಕಿಬೀಳುವವ ಕೆಲಸಗಾರನೇ. ಅವನ ಸಂಬಳ ಬಾಕಿ ಇದ್ದರೂ ಕೇಳುವುದು ಕಷ್ಟ.

ಪಾಸ್‌ಪೋರ್ಟಿನ ಮೂರು ಅಕ್ಷರ

ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಇಸಿಆರ್ ಅಂತ ಅಚ್ಚಾಗಿರುತ್ತದೆ. ಅವರು ಗಲ್ಫ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸೆ ಸಂರಕ್ಷಣಾಧಿಕಾರಿಯ ಕಚೇರಿಯಿಂದ ಅನುಮತಿ ಬೇಕು. ಅದಕ್ಕೇ ಎಮಿಗ್ರೇಶನ್ ಕ್ಲಿಯರೆನ್ಸ್ ಅನ್ನುವುದು. ಅಲ್ಲಿ ಒಪ್ಪಂದ ನೋಡುತ್ತಾರೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವಿಕಲರಾದರೆ 10 ಲಕ್ಷ ರೂಪಾಯಿ. ಎರಡು ವರ್ಷದ ಕಂತು 275 ರೂಪಾಯಿ ಮತ್ತು ತೆರಿಗೆ, ಮೂರು ವರ್ಷಕ್ಕೆ 375.

ಹತ್ತನೆ ಪಾಸಾದವರಿಗೆ ಈ ತಪಾಸಣೆ ಇಲ್ಲ. ನಮ್ಮ ಜಿಲ್ಲೆಯ ಹೆಚ್ಚಿನ ಮಕ್ಕಳು ಎಸ್ಸೆಸ್ಸೆಲ್ಸಿ ದಾಟಿದವರು, ಅದು ನಮಗೆ ಹೆಮ್ಮೆ. ಆದರೆ ಇದಕ್ಕೆ ಇನ್ನೊಂದು ಮುಖ ಉಂಟು. ಓದು ಬಾರದವನ ಒಪ್ಪಂದವನ್ನು ಸರಕಾರದ ಒಬ್ಬ ಅಧಿಕಾರಿಯಾದರೂ ನೋಡುತ್ತಾನೆ. ಓದಿದವನ ಒಪ್ಪಂದವನ್ನು ಯಾರೂ ನೋಡುವುದಿಲ್ಲ. ಅವನೇ ಓದಬೇಕು. ನಮ್ಮ ಸದಸ್ಯೆಯ ಮಗ ಐಟಿಐ ಆದವ. ಅವನ ಕೈಯಲ್ಲಿ ಓದಲು ಕಾಗದವೇ ಇರಲಿಲ್ಲ.

ನರ್ಸ್‌ಗಳಿಗೆ ಮಾತ್ರ ಬೇರೆ ನಿಯಮ. 2015ರಿಂದ ಅವರು ಎಷ್ಟು ಓದಿದ್ದರೂ ಈ 18 ದೇಶಗಳಿಗೆ ಹೋಗಲು ಕ್ಲಿಯರೆನ್ಸ್ ಬೇಕು. ನರ್ಸಿಂಗ್ ಕಲಿಯುವ ಹೆಣ್ಣುಮಕ್ಕಳು ಇರುವ ಮನೆಯವರು ಇದನ್ನು ನೆನಪಿಡಿ.

ಒಟ್ಟು ಸಂಬಳ ಬೇರೆ, ಬೇಸಿಕ್ ಬೇರೆ

ಇನ್ನು ಸಂಬಳದ ವಿಷಯ. ನಾವೆಲ್ಲ ಒಟ್ಟು ಸಂಬಳ ಕೇಳುತ್ತೇವೆ. ಕಾಗದದಲ್ಲಿ ಅದು ಎರಡು ಭಾಗವಾಗಿರುತ್ತದೆ: ಮೂಲ ವೇತನ, ಅಂದರೆ ಬೇಸಿಕ್, ಮತ್ತು ಊಟ, ವಸತಿ, ಓಡಾಟದ ಭತ್ಯೆಗಳು. ಕೈಗೆ ಬರುವಾಗ ಎರಡೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಓವರ್‌ಟೈಮ್ ಮತ್ತು ಗ್ರಾಚ್ಯುಟಿ ಬಂದಾಗ.

ಯುಎಇಯ ಲೆಕ್ಕವನ್ನೇ ನೋಡೋಣ. ಅಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಹೆಚ್ಚು ದುಡಿದರೆ ಬೇಸಿಕ್ ಲೆಕ್ಕದ ಮೇಲೆ ಶೇಕಡಾ 25 ಸೇರಿಸಿ ಕೊಡಬೇಕು. ರಾತ್ರಿ 10ರಿಂದ ಬೆಳಗಿನ 4ರ ಒಳಗಾದರೆ ಶೇಕಡಾ 50. ಬಿಟ್ಟು ಬರುವಾಗ ಒಂದು ವರ್ಷವಾದರೂ ಆಗಿದ್ದರೆ ಗ್ರಾಚ್ಯುಟಿ ಉಂಟು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ ಬೇಸಿಕ್.

ಈಗ ಇಬ್ಬರು ಹುಡುಗರು, ಇಬ್ಬರಿಗೂ ಒಟ್ಟು 1,500 ದಿರ್ಹಮ್ ಅಂತ ಇಟ್ಟುಕೊಳ್ಳಿ. ಒಬ್ಬನ ಬೇಸಿಕ್ 1,200, ಇನ್ನೊಬ್ಬನದ್ದು 800. ಆರು ವರ್ಷ ದುಡಿದು ಬರುವಾಗ ಮೊದಲನೆಯವನಿಗೆ ಐದು ವರ್ಷಕ್ಕೆ 4,200, ಆರನೆಯ ವರ್ಷಕ್ಕೆ 1,200, ಒಟ್ಟು 5,400 ದಿರ್ಹಮ್. ಎರಡನೆಯವನಿಗೆ 2,800 ಮತ್ತು 800, ಒಟ್ಟು 3,600. ವ್ಯತ್ಯಾಸ 1,800 ದಿರ್ಹಮ್. ಒಂದಕ್ಕೆ 23 ರೂಪಾಯಿ ಅಂತ ಹಿಡಿದರೂ 41,400 ರೂಪಾಯಿ. ಕೆಲಸ ಒಂದೇ, ಬೆವರು ಒಂದೇ. ಸಹಿ ಹಾಕುವ ದಿನ ಒಂದು ಪ್ರಶ್ನೆ ಕೇಳದ್ದಕ್ಕೆ ಅಷ್ಟು ನಷ್ಟ. ಓವರ್‌ಟೈಮಿನಲ್ಲಿ ಪ್ರತಿ ತಿಂಗಳೂ ಹೋಗುವುದು ಬೇರೆ.

ಸೌದಿಯಲ್ಲಿ ಲೆಕ್ಕ ಬೇರೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ಒಂದು ತಿಂಗಳದ್ದು. ಆದರೆ ನಾವಾಗಿಯೇ ರಾಜೀನಾಮೆ ಕೊಟ್ಟರೆ ಎರಡರಿಂದ ಐದು ವರ್ಷದವರಿಗೆ ಮೂರರಲ್ಲೊಂದು ಪಾಲು, ಐದರಿಂದ ಹತ್ತು ವರ್ಷದವರಿಗೆ ಮೂರರಲ್ಲಿ ಎರಡು ಪಾಲು, ಹತ್ತು ದಾಟಿದರೆ ಮಾತ್ರ ಪೂರ್ತಿ. ಮಗ ಸಿಟ್ಟಿನಲ್ಲಿ ಫೋನು ಮಾಡಿ 'ಬಿಟ್ಟು ಬರ್ತೇನಮ್ಮಾ' ಅಂದಾಗ, ಎಷ್ಟು ವರ್ಷ ಆಯಿತು ಮಗಾ ಅಂತ ಕೇಳಿ. ಎರಡು ತಿಂಗಳು ತಡೆದರೆ ಪಾಲು ಹೆಚ್ಚಾಗುವುದಾದರೆ ತಡೆಯಲಿ. ಹೊಡೆತ, ಹಿಂಸೆ ಇದ್ದರೆ ಮಾತ್ರ ಈ ಲೆಕ್ಕ ಬೇಡ, ಮೊದಲು ಜೀವ.

ಕತಾರ್‌ನಲ್ಲಿ 2021ರ ಮಾರ್ಚ್‌ನಲ್ಲಿ ಕನಿಷ್ಠ ವೇತನ ಜಾರಿಗೆ ಬಂತು: 1,000 ರಿಯಾಲ್. ವಸತಿ ಕೊಡದಿದ್ದರೆ ಇನ್ನೂ 500, ಊಟ ಕೊಡದಿದ್ದರೆ 300. ಕೆಲಸ ಬದಲಾಯಿಸಲು ಹಳೆಯ ಮಾಲಕನ ಎನ್‌ಒಸಿ ಬೇಕೆಂಬ ನಿಯಮವನ್ನು ಅಲ್ಲಿ 2020ರಲ್ಲೇ ತೆಗೆದುಹಾಕಿದರು.

ಸಂಬಳ ಬ್ಯಾಂಕಿನ ಮೂಲಕವೇ ಬರಲಿ

ಹಿಂದೆ ಫೋರ್‌ಮನ್ ಲಕೋಟೆಯಲ್ಲಿ ಹಾಕಿ ಕೊಟ್ಟದ್ದೇ ಸಂಬಳ. ಕಡಿಮೆ ಇದ್ದರೆ ಸಾಕ್ಷಿ ಇಲ್ಲ. 2009ರಲ್ಲಿ ಯುಎಇ ವೇತನ ಸಂರಕ್ಷಣಾ ವ್ಯವಸ್ಥೆ ತಂದಿತು. ಸಂಬಳ ಬ್ಯಾಂಕು ಅಥವಾ ಎಕ್ಸ್‌ಚೇಂಜ್ ಮೂಲಕ ಹೋಗಬೇಕು, ಯಾರಿಗೆ ಎಷ್ಟು ಹೋಯಿತು ಅಂತ ಇಲಾಖೆಗೆ ಗೊತ್ತಾಗುತ್ತದೆ. ಸೌದಿಯಲ್ಲಿ 2013ರಿಂದ, ಕತಾರ್‌ನಲ್ಲಿ 2015ರಿಂದ ಇದೇ ಕ್ರಮ. ಆದ್ದರಿಂದ ಸಂಬಳದ ಕಾರ್ಡು ನಮ್ಮ ಮಕ್ಕಳ ಕೈಯಲ್ಲೇ ಇರಬೇಕು. ಕೆಲವು ಕಡೆ ಸೂಪರ್‌ವೈಸರ್ ಎಲ್ಲರ ಕಾರ್ಡು ಇಟ್ಟುಕೊಂಡು ತಾನೇ ಹಣ ತೆಗೆದು ಹಂಚುತ್ತಾನೆ. ದಾಖಲೆಯಲ್ಲಿ ಪೂರ್ತಿ ಸಂಬಳ, ಕೈಯಲ್ಲಿ ಮುಕ್ಕಾಲು. ಇದಕ್ಕೆ ಒಪ್ಪಬೇಡಿ ಅಂತ ಹೋಗುವಾಗಲೇ ಹೇಳಿ ಕಳುಹಿಸಿ. ಪಾಸ್‌ಪೋರ್ಟು ಇಟ್ಟುಕೊಳ್ಳಲೂ ಮಾಲಕನಿಗೆ ಹಕ್ಕಿಲ್ಲ.

ಯುಎಇಯಲ್ಲಿ ಆಫರ್ ಲೆಟರನ್ನು ಅರೇಬಿಕ್, ಇಂಗ್ಲಿಷ್ ಜತೆಗೆ ಕೆಲಸಗಾರನಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲಿ ಕೊಡುವ ಕ್ರಮ 2016ರಲ್ಲಿ ಬಂತು. ಹಿಂದಿ, ಮಲಯಾಳಂ, ತಮಿಳು, ಉರ್ದು ಆ ಪಟ್ಟಿಯಲ್ಲಿವೆ, ಕನ್ನಡ ಇಲ್ಲ. ಹಾಗಾಗಿ ಇಂಗ್ಲಿಷ್ ಓದಬಲ್ಲ ಮೇಷ್ಟ್ರಲ್ಲಿಗೋ ಟೀಚರಲ್ಲಿಗೋ ಹೋಗಿ ಸಹಿಗೆ ಮೊದಲು ಓದಿಸಿಕೊಳ್ಳಿ. ನಾಚಿಕೆ ಪಡಬೇಡಿ.

ಮನೆಗೆಲಸಕ್ಕೆ ಹೋಗುವ ಸಹೋದರಿಯರು

ಇವರ ಸ್ಥಿತಿ ಹೆಚ್ಚು ಸೂಕ್ಷ್ಮ. ಕಂಪೆನಿ ಕೆಲಸದವರಿಗೆ ಇರುವ ಕಾನೂನು ಮನೆಗೆಲಸದವರಿಗೆ ಅನ್ವಯಿಸುವುದಿಲ್ಲ. ಅವರಿಗೆ ಬೇರೆ ಕಾನೂನು. ಕುವೈತ್‌ನಲ್ಲಿ 2015ರಲ್ಲಿ ಬಂದ ಕಾನೂನಿನ ಪ್ರಕಾರ ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳ ಸಹಿತ ರಜೆ, ಬಿಟ್ಟು ಬರುವಾಗ ವರ್ಷಕ್ಕೆ ಒಂದು ತಿಂಗಳ ಸಂಬಳ. ಆದರೆ ಬಾಗಿಲು ಹಾಕಿದ ಮನೆಯೊಳಗೆ ಕಾನೂನು ನಡೆಯುತ್ತಿದೆಯೇ ಅಂತ ನೋಡುವವರು ಯಾರು? ಅದಕ್ಕೇ ನಮ್ಮ ಸರಕಾರ ಇಸಿಆರ್ ಪಾಸ್‌ಪೋರ್ಟಿನ ಮಹಿಳೆಯರಿಗೆ ಈ ದೇಶಗಳಲ್ಲಿ ಕೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು ಎಂದು ಮಾಡಿದೆ. 2016ರಿಂದ ಅವರ ನೇಮಕಾತಿ ಸರಕಾರಿ ಏಜೆನ್ಸಿಗಳ ಮೂಲಕವೇ ಆಗಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಮನೆಗೆಲಸ ಮಾಡಿದರೆ ಈ ಯಾವ ರಕ್ಷಣೆಯೂ ಸಿಗುವುದಿಲ್ಲ. ನೆರೆಮನೆಯ ಬಾಯಿ ಹೋಗಿದ್ದಾರೆ, ಅವರಿಗೆ ಏನೂ ಆಗಲಿಲ್ಲ ಅನ್ನುವುದು ಖಾತ್ರಿಯಲ್ಲ.

ಹೊಸ ದೇಶ, ಹೊಸ ಬಲೆ

ಮೋಸ ಈಗ ಗಲ್ಫ್‌ನದ್ದು ಮಾತ್ರ ಅಲ್ಲ. 2022ರಿಂದೀಚೆಗೆ ಕಂಪ್ಯೂಟರ್ ಕೆಲಸ ಅಂತ ನಂಬಿಸಿ ಥಾಯ್ಲೆಂಡ್ ದಾರಿಯಾಗಿ ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ಗೆ ಒಯ್ದು ಆನ್‌ಲೈನ್ ವಂಚನೆ ಮಾಡಿಸಿದ ಪ್ರಕರಣಗಳು ಬಹಳ. ಸೆಕ್ಯುರಿಟಿ ಕೆಲಸ ಅಂತ ರಷ್ಯಾಕ್ಕೆ ಹೋಗಿ ಯುದ್ಧದ ಗಡಿಯಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಕಲಬುರಗಿಯ ಹುಡುಗರೂ ಇದ್ದರು. 2024ರಲ್ಲಿ ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ಇವರಲ್ಲಿ ಅನೇಕರು ಓದಿದ ಮಕ್ಕಳು.

ತೊಂದರೆಯಾದರೆ

ಸಂಬಳ ನಿಂತರೆ ಮೊದಲು ಆ ದೇಶದ ಕಾರ್ಮಿಕ ಇಲಾಖೆಗೆ ದೂರು, ಜತೆಗೆ ಭಾರತದ ರಾಯಭಾರ ಕಚೇರಿಗೆ. ಊರಿನಲ್ಲಿರುವ ನಾವೂ ವಿದೇಶಾಂಗ ಸಚಿವಾಲಯದ 'ಮದದ್' ತಾಣದಲ್ಲಿ ದೂರು ದಾಖಲಿಸಬಹುದು. ಇದು 2015ರಿಂದ ಇದೆ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಶುಲ್ಕವಿಲ್ಲದ ದೂರವಾಣಿ 1800 11 3090. ರಾಯಭಾರ ಕಚೇರಿಗಳಲ್ಲಿ 2009ರಿಂದ ಸಮುದಾಯ ಕಲ್ಯಾಣ ನಿಧಿ ಇದೆ. ಸಿಕ್ಕಿಬಿದ್ದವರ ಟಿಕೆಟು, ತಾತ್ಕಾಲಿಕ ವಸತಿ, ಮೃತದೇಹ ತರುವ ಖರ್ಚು ಇವಕ್ಕೆಲ್ಲ ಅರ್ಹರಿಗೆ ಅದರಿಂದ ನೆರವು ಸಿಗುತ್ತದೆ.

ಆದರೆ ಎಲ್ಲ ಕಡೆ ಮೊದಲು ಕೇಳುವುದು ಕಾಗದ. 2020ರಲ್ಲಿ ಕೊರೊನಾ ಕಾಲದಲ್ಲಿ ವಂದೇ ಭಾರತ್ ವಿಮಾನಗಳಲ್ಲಿ ಬಂದವರಲ್ಲಿ ಸಂಬಳ, ಗ್ರಾಚ್ಯುಟಿ ಬಿಟ್ಟು ಬಂದವರು ಎಷ್ಟೋ ಮಂದಿ. ಒಪ್ಪಂದದ ಪ್ರತಿ ಇದ್ದವರಿಗೆ ಅರ್ಜಿ ಬರೆದುಕೊಟ್ಟೆವು. ಇಲ್ಲದವರ ಎದುರು ನಾವೂ ಸುಮ್ಮನೆ ಕೂತೆವು.

ಸಂಘಗಳಿಗೆ ಒಂದು ಕೋರಿಕೆ

ಆ ತಾಯಿಯ ಸಾಲ ತೀರಿದ ಮೇಲೆ ನಾವು ಒಂದು ನಿಯಮ ಮಾಡಿಕೊಂಡೆವು. ಹೊರದೇಶದ ಕೆಲಸಕ್ಕೆಂದು ಸಾಲ ಕೇಳಿದರೆ ಈ ಐದನ್ನು ನೋಡದೆ ಹಣ ಕೊಡುವುದಿಲ್ಲ. ನಿಮ್ಮ ಸಂಘದ ಪುಸ್ತಕದ ಮೊದಲ ಪುಟದಲ್ಲೂ ಬರೆದಿಡಿ.

1. ಏಜೆಂಟನ ನೋಂದಣಿ ಸಂಖ್ಯೆ, ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡಿ ಖಚಿತಪಡಿಸಿದ್ದು.
2. ಕಂಪೆನಿಯ ಹೆಸರು, ಕೆಲಸ, ಬೇಸಿಕ್, ಭತ್ಯೆ ಬರೆದ ಆಫರ್ ಲೆಟರಿನ ಪ್ರತಿ.
3. ಕೆಲಸದ ವೀಸಾದ ಪ್ರತಿ. ವಿಸಿಟ್ ವೀಸಾ ಆದರೆ ಸಾಲ ಇಲ್ಲ.
4. ಕೊಟ್ಟ ಹಣದ ರಶೀದಿ. ಸೇವಾ ಶುಲ್ಕ ಮಿತಿಯೊಳಗೆ ಇರಬೇಕು.
5. ವಿಮೆ ಮಾಡಿಸಿದ ದಾಖಲೆ.

ಈ ಎಲ್ಲದರ ಒಂದು ಪ್ರತಿ ಮನೆಯಲ್ಲಿ, ಒಂದು ಸಂಘದಲ್ಲಿ ಇರಲಿ.

ನಿಯಮ ಮಾಡಿದ ಮೇಲೆ ಕೆಲವರು ಸಿಟ್ಟಾದರು. 'ನಮ್ಮ ಮಗನ ಅನ್ನಕ್ಕೆ ಕಲ್ಲು ಹಾಕ್ತೀರಿ' ಅಂತ ಒಬ್ಬರು ಅತ್ತರು. ಕಾಗದ ಕೇಳಿದ ಕೂಡಲೇ ಅವರ ಏಜೆಂಟ 'ಬೇರೆ ಜನ ಸಿಕ್ಕಿದ್ದಾರೆ' ಅಂತ ಹೇಳಿ ಹಿಂದೆ ಸರಿದಿದ್ದ. ಎಂಟು ತಿಂಗಳ ಮೇಲೆ ಅದೇ ಹುಡುಗ ನೋಂದಾಯಿತ ಏಜೆನ್ಸಿಯ ಮೂಲಕ, ಕೈಯಲ್ಲಿ ಆಫರ್ ಲೆಟರ್ ಹಿಡಿದು ಹೋದ. ಸಂಬಳ ಮೊದಲು ಹೇಳಿದ್ದಕ್ಕಿಂತ ಕಡಿಮೆಯೇ. ಆದರೆ ಬರೆದಷ್ಟು ತಿಂಗಳು ತಿಂಗಳು ಬರುತ್ತದೆ.

ಮೊದಲು ಹೇಳಿದ ತಾಯಿ ಇವತ್ತು ಈ ಸಭೆಯಲ್ಲಿ ಇದ್ದಾರೆ. ಅವರ ಒಪ್ಪಿಗೆ ಪಡೆದೇ ಈ ಮಾತು ಆಡಿದ್ದೇವೆ. 'ಹೆಸರು ಬೇಡ, ಲೆಕ್ಕ ಮಾತ್ರ ಹೇಳಿ' ಅಂದರು. ಅವರ ಸಂಘದಲ್ಲಿ ಈಗ ಕಾಗದ ಪರಿಶೀಲಿಸುವ ಜವಾಬ್ದಾರಿ ಅವರದ್ದೇ. ಇಂಗ್ಲಿಷ್ ಓದಲು ಅವರಿಗೆ ಬರುವುದಿಲ್ಲ. ಆದರೆ 'ಬೇಸಿಕ್ ಎಷ್ಟು?' ಅಂತ ಕೇಳಲು ಬರುತ್ತದೆ.

ನೀವೂ ಕೇಳಿ.